ಎಂಜಿನ್ ತೈಲ ಪರೀಕ್ಷೆ ಹಾಗೂ ತೈಲ ಬದಲಾವಣೆಯ ಅವಧಿ ವಿಸ್ತರಣೆ: ಟ್ರ್ಯಾಕ್ಟರ್, ಕೃಷಿ ಯಂತ್ರ ಮತ್ತು ಸರಕು ವಾಹನ ಮಾಲೀಕರಿಗೆ ಮಾಹಿತಿ

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಮೇಲ್ಕಂಡ ನಾಲ್ಕು ತಾಲ್ಲೂಕುಗಳಲ್ಲಿ ಉಳುಮೆ, ಬಿತ್ತನೆ, ಒಕ್ಕಣೆ, ಸಾಗಣೆ, ಕೊಳವೆಬಾವಿ ಕೊರೆಯುವಿಕೆ ಮುಂತಾದ ಕೆಲಸಗಳು ಬಹುಮಟ್ಟಿಗೆ ಡೀಸೆಲ್ ಎಂಜಿನ್‌ಗಳನ್ನು ಅವಲಂಬಿಸಿವೆ. ಇಂತಹ ಯಂತ್ರಗಳನ್ನು ಸಹಾಯಧನ ಅಥವಾ ಬ್ಯಾಂಕ್ ಸಾಲದ ನೆರವಿನಿಂದ ಪಡೆದ ರೈತರಿಗೆ ಎಂಜಿನ್ ತೈಲದ ಬದಲಾವಣೆಯು ಮತ್ತೆ ಮತ್ತೆ ಬರುವ ಖರ್ಚಾಗಿದೆ. ತೈಲದ ಬೆಲೆ ಏರಿದಂತೆ, ಕೈಪಿಡಿಯಲ್ಲಿ ಹೇಳಿದ ಅವಧಿಗಿಂತ ಹೆಚ್ಚು ಕಾಲ ಅದೇ ತೈಲವನ್ನು ಬಳಸಬಹುದೇ ಎಂಬ ಪ್ರಶ್ನೆಯನ್ನು ಮಾಲೀಕರು ಕೇಳುತ್ತಾರೆ.

ಈ ಪ್ರಶ್ನೆಗೆ ಊಹೆಯಿಂದಾಗಲಿ, ತೈಲದ ಬಣ್ಣ ನೋಡಿಯಾಗಲಿ ಉತ್ತರಿಸಲಾಗದು. ಬಳಸಿದ ತೈಲವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಉತ್ತರ ಕಂಡುಕೊಳ್ಳುವ ವಿಧಾನವಿದೆ. ಸದರಿ ವಿಧಾನದಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ, ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಇದು ಮಾಹಿತಿ ಮಾತ್ರವಾಗಿದ್ದು, ಕಡ್ಡಾಯ ನಿಯಮವಲ್ಲ.

ಮುಖ್ಯಾಂಶವನ್ನು ಮೊದಲೇ ತಿಳಿಸುವುದಾದರೆ: ಒಂದು ಉತ್ತಮ ವರದಿಯು ಅವಧಿ ವಿಸ್ತರಣೆಗೆ ಪರವಾನಗಿಯಲ್ಲ. ಒಂದೇ ಎಂಜಿನ್‌ನ ಹಲವು ವರದಿಗಳನ್ನು ಸಾಲಾಗಿ ಇಟ್ಟು ನೋಡಿದಾಗ ಮಾತ್ರ ನಿರ್ಧಾರ ಕೈಗೊಳ್ಳಬಹುದು. ಧೂಳು ಹೆಚ್ಚಿರುವ ಈ ಜಿಲ್ಲೆಯಲ್ಲಿ ತೈಲದ ಗುಣಮಟ್ಟದಷ್ಟೇ ಏರ್ ಫಿಲ್ಟರ್‌ನ ಸ್ಥಿತಿಯೂ ಈ ನಿರ್ಧಾರವನ್ನು ಪ್ರಭಾವಿಸುತ್ತದೆ.

2. ತೈಲ ಬದಲಾವಣೆಯ ಅವಧಿ ಎಂದರೇನು

ಎಂಜಿನ್ ತೈಲವು ಲೋಹದ ಭಾಗಗಳ ನಡುವಿನ ಘರ್ಷಣೆಯನ್ನು ತಗ್ಗಿಸುತ್ತದೆ, ಶಾಖವನ್ನು ಹೊತ್ತೊಯ್ಯುತ್ತದೆ, ಮಸಿ ಮತ್ತು ಕಲ್ಮಶಗಳನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಇಂಧನ ಉರಿದಾಗ ಉಂಟಾಗುವ ಆಮ್ಲಗಳನ್ನು ತಟಸ್ಥಗೊಳಿಸುತ್ತದೆ. ಈ ಶಕ್ತಿ ಕುಂದುವ ಮೊದಲೇ ತೈಲವನ್ನು ಬದಲಿಸತಕ್ಕದ್ದು.

ತಯಾರಕರು ಈ ಅವಧಿಯನ್ನು ಟ್ರ್ಯಾಕ್ಟರ್‌ಗಳಿಗೆ ಗಂಟೆಗಳಲ್ಲಿ, ವಾಹನಗಳಿಗೆ ಕಿಲೋಮೀಟರ್‌ಗಳಲ್ಲಿ ಸೂಚಿಸುತ್ತಾರೆ. ಟ್ರ್ಯಾಕ್ಟರ್‌ಗಳಲ್ಲಿ ಮೊದಲ ಬದಲಾವಣೆ ಸುಮಾರು 50 ಗಂಟೆಗೆ, ಅನಂತರ 250 ಗಂಟೆಗೊಮ್ಮೆ ಎಂಬುದು ಹಲವು ಕೈಪಿಡಿಗಳಲ್ಲಿ ಕಾಣುವ ಸೂಚನೆ. ಕೆಲವು ಹೊಸ ಮಾದರಿಗಳಲ್ಲಿ ಇದಕ್ಕಿಂತ ಹೆಚ್ಚಿನ ಅವಧಿ ಇರುತ್ತದೆ. ಇದರ ಜೊತೆಗೆ ಬಹುತೇಕ ಕೈಪಿಡಿಗಳಲ್ಲಿ ಕಾಲಮಿತಿಯೂ ಇರುತ್ತದೆ. ವರ್ಷದಲ್ಲಿ 150 ಗಂಟೆ ಮಾತ್ರ ಓಡುವ ಟ್ರ್ಯಾಕ್ಟರ್‌ನಲ್ಲಿ ಗಂಟೆಗಳ ಮಿತಿ ತಲುಪದಿದ್ದರೂ ಕಾಲಮಿತಿಯಂತೆ ತೈಲ ಬದಲಿಸಬೇಕಾಗುತ್ತದೆ. ಅಂತಹ ಮಾಲೀಕರಿಗೆ ಅವಧಿ ವಿಸ್ತರಣೆಯ ಪ್ರಶ್ನೆಯೇ ಉದ್ಭವಿಸುವುದಿಲ್ಲ.

ಗಮನಿಸಿ: ಹಳೆಯ ಟ್ರ್ಯಾಕ್ಟರ್‌ಗಳ ಯಾಂತ್ರಿಕ ಗಂಟೆ ಮಾಪಕವು ಎಂಜಿನ್‌ನ ವೇಗಕ್ಕೆ ಅನುಗುಣವಾಗಿ ತಿರುಗುತ್ತದೆ. ನಿಧಾನಗತಿಯಲ್ಲಿ ಓಡುವ ಎಂಜಿನ್‌ನ ಮಾಪಕವು ಗಡಿಯಾರದ ಸಮಯಕ್ಕಿಂತ ಕಡಿಮೆ ತೋರಿಸಬಹುದು. ಆದುದರಿಂದ ಅವಧಿಯನ್ನು ಸದಾ ಒಂದೇ ಮಾಪಕದಿಂದ ಲೆಕ್ಕ ಹಾಕುವುದು.

3. ತೈಲ ಪರೀಕ್ಷೆಯ ಹಿನ್ನೆಲೆ

ಬಳಸಿದ ತೈಲದಲ್ಲಿರುವ ಲೋಹದ ಅಂಶವನ್ನು ಅಳೆದು ಎಂಜಿನ್‌ನ ಆರೋಗ್ಯವನ್ನು ತಿಳಿಯುವ ಪದ್ಧತಿ ರೈಲ್ವೆಯಿಂದ ಬಂದಿದೆ. ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡ್ ವೆಸ್ಟರ್ನ್ ರೈಲು ಸಂಸ್ಥೆಯು 1946ರಲ್ಲಿ ಡೀಸೆಲ್ ಲೋಕೋಮೋಟಿವ್‌ಗಳ ತೈಲವನ್ನು ಈ ರೀತಿ ಪರೀಕ್ಷಿಸಲಾರಂಭಿಸಿತು. ಭಾರತೀಯ ರೈಲ್ವೆಯ ಡೀಸೆಲ್ ಷೆಡ್‌ಗಳಲ್ಲಿಯೂ ತೈಲ ಪರೀಕ್ಷೆಯ ಪ್ರಯೋಗಾಲಯಗಳಿವೆ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ ಮೂಲಕ ದಶಕಗಳ ಕಾಲ ಓಡಾಡಿದ ಡೀಸೆಲ್ ಲೋಕೋಮೋಟಿವ್‌ಗಳು ಇಂತಹ ನಿಗಾ ವ್ಯವಸ್ಥೆಯಡಿ ಓಡಿದವುಗಳೇ.

ಚಿತ್ರದುರ್ಗದ ಗುಡ್ಡಸಾಲುಗಳ ಮೇಲೆ ಕಾಣುವ ಪವನ ವಿದ್ಯುತ್ ಯಂತ್ರಗಳಲ್ಲಿ ಗೇರ್‌ಪೆಟ್ಟಿಗೆ ಇರುವ ಮಾದರಿಗಳಿಗೂ ಇದೇ ತತ್ವ ಅನ್ವಯಿಸುತ್ತದೆ. ಎತ್ತರದ ಗೋಪುರದ ಮೇಲಿನ ಗೇರ್‌ಪೆಟ್ಟಿಗೆಯನ್ನು ಬಿಚ್ಚಿ ನೋಡುವುದು ದುಬಾರಿಯಾದುದರಿಂದ, ನಿಯತಕಾಲಿಕವಾಗಿ ತೈಲದ ಮಾದರಿ ತೆಗೆದು ಪರೀಕ್ಷಿಸುವುದು ಆ ಉದ್ಯಮದ ರೂಢಿ. ರೋಗಿಯ ರಕ್ತ ಪರೀಕ್ಷೆಯಿಂದ ದೇಹದೊಳಗಿನ ತೊಂದರೆ ತಿಳಿಯುವಂತೆ, ತೈಲದ ಪರೀಕ್ಷೆಯಿಂದ ಎಂಜಿನ್‌ನೊಳಗಿನ ಸವೆತ ತಿಳಿಯುತ್ತದೆ.

4. ಪರೀಕ್ಷಾ ವರದಿಯಲ್ಲಿರುವ ಅಂಶಗಳು

ವರದಿಯಲ್ಲಿ ಸಾಮಾನ್ಯವಾಗಿ ಈ ಕೆಳಕಂಡ ಅಂಶಗಳಿರುತ್ತವೆ.

(ಅ) ಸ್ನಿಗ್ಧತೆ: ಇದು ತೈಲದ ಮಂದತೆಯ ಅಳತೆ. 15ಡಬ್ಲ್ಯು-40 ದರ್ಜೆಯ ಹೊಸ ತೈಲವು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 12.5 ಸೆಂಟಿಸ್ಟೋಕ್ಸ್‌ಗೆ ಕಡಿಮೆಯಿಲ್ಲದಂತೆ ಹಾಗೂ 16.3ಕ್ಕಿಂತ ಕೆಳಗೆ ಇರಬೇಕು. ಬಳಕೆಯಲ್ಲಿ ಇದು ಕೆಳಗಿಳಿದರೆ ತೈಲದಲ್ಲಿ ಡೀಸೆಲ್ ಬೆರೆತಿರುವ ಸಾಧ್ಯತೆಯಿದೆ. ಮೇಲೇರಿದರೆ ಮಸಿ ಹೆಚ್ಚಿರಬಹುದು ಅಥವಾ ತೈಲವು ಶಾಖದಿಂದ ಕೆಟ್ಟಿರಬಹುದು.

(ಆ) ಕ್ಷಾರಾಂಕ: ಇದನ್ನು ವರದಿಯಲ್ಲಿ ಟಿ.ಬಿ.ಎನ್. ಎಂದು ನಮೂದಿಸಲಾಗುತ್ತದೆ. ಆಮ್ಲವನ್ನು ತಟಸ್ಥಗೊಳಿಸಲು ತೈಲದಲ್ಲಿ ಉಳಿದಿರುವ ಶಕ್ತಿಯನ್ನು ಇದು ಸೂಚಿಸುತ್ತದೆ. ಹೊಸ ತೈಲದ ಕ್ಷಾರಾಂಕದ ಅರ್ಧಕ್ಕೆ ಇಳಿದಾಗ ಎಚ್ಚರ ವಹಿಸುವುದು ರೂಢಿ. ಜೊತೆಗೆ ಆಮ್ಲಾಂಕವನ್ನೂ ನೋಡಬೇಕು. ಇಳಿಯುವ ಕ್ಷಾರಾಂಕ ಮತ್ತು ಏರುವ ಆಮ್ಲಾಂಕ ಪರಸ್ಪರ ಸಮೀಪಿಸಿದರೆ ತೈಲ ಬದಲಾವಣೆಗೆ ಕಾಲ ಬಂದಿದೆ ಎಂದರ್ಥ.

(ಇ) ಮಸಿ, ನೀರು ಮತ್ತು ಇಂಧನ: ಡೀಸೆಲ್ ಎಂಜಿನ್‌ನಲ್ಲಿ ತೈಲ ಕಪ್ಪಾಗುವುದು ಸಹಜ. ಕಪ್ಪು ಬಣ್ಣವು ದೋಷವಲ್ಲ, ಮಸಿಯ ಪ್ರಮಾಣ ಮಿತಿ ಮೀರುವುದು ದೋಷ. ನೀರು ಅತ್ಯಲ್ಪ ಪ್ರಮಾಣದಲ್ಲಿ ಕಂಡುಬಂದರೂ ಕಾರಣವನ್ನು ಹುಡುಕತಕ್ಕದ್ದು.

(ಈ) ಸವೆತ ಲೋಹಗಳು: ಇವುಗಳನ್ನು ಪಿ.ಪಿ.ಎಂ., ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗದ ಲೆಕ್ಕದಲ್ಲಿ ನೀಡಲಾಗುತ್ತದೆ. ಲೋಹಗಳು ಸಾಮಾನ್ಯವಾಗಿ ಬರುವ ಮೂಲಗಳು ಹೀಗಿವೆ:
- ಕಬ್ಬಿಣ: ಸಿಲಿಂಡರ್ ಲೈನರ್, ಕ್ರ್ಯಾಂಕ್ ಶಾಫ್ಟ್, ಗೇರ್‌ಗಳು
- ಕ್ರೋಮಿಯಂ: ಪಿಸ್ಟನ್ ರಿಂಗ್‌ಗಳು
- ಅಲ್ಯೂಮಿನಿಯಂ: ಪಿಸ್ಟನ್, ಮಣ್ಣಿನ ಧೂಳು
- ಸೀಸ, ತವರ, ತಾಮ್ರ: ಬೇರಿಂಗ್‌ಗಳು, ತಾಮ್ರವು ಆಯಿಲ್ ಕೂಲರ್‌ನಿಂದಲೂ ಬರಬಹುದು
- ಸಿಲಿಕಾನ್: ಧೂಳು, ಹೊಸ ಎಂಜಿನ್‌ನಲ್ಲಿ ಗ್ಯಾಸ್ಕೆಟ್ ಅಂಟು
- ಸೋಡಿಯಂ, ಪೊಟ್ಯಾಸಿಯಂ: ರೇಡಿಯೇಟರ್‌ನ ಕೂಲಂಟ್ ಸೋರಿಕೆ

(ಉ) ತೈಲದ ಸೇರ್ಪಡೆ ವಸ್ತುಗಳು: ಸತು, ರಂಜಕ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವನ್ನು ತಯಾರಕರೇ ತೈಲದಲ್ಲಿ ಸೇರಿಸಿರುತ್ತಾರೆ. ಇವುಗಳ ಪ್ರಮಾಣವು ಹೊಸ ತೈಲದ ಪ್ರಮಾಣಕ್ಕೆ ಹೊಂದದಿದ್ದರೆ ಬೇರೆ ತೈಲ ಬೆರೆತಿರುವ ಅಥವಾ ಖರೀದಿಸಿದ ತೈಲವೇ ನಕಲಿಯಾಗಿರುವ ಸಂಶಯ ಮೂಡುತ್ತದೆ. ಆದುದರಿಂದ ಬಳಸುವ ಮೊದಲು ಹೊಸ ತೈಲದ ಒಂದು ಮಾದರಿಯನ್ನೂ ಪರೀಕ್ಷಿಸಿ ಇಟ್ಟುಕೊಳ್ಳುವುದು ಸೂಕ್ತ.

ಪರೀಕ್ಷೆಯ ಮಿತಿಯನ್ನೂ ತಿಳಿದಿರಬೇಕು. ಲೋಹಗಳನ್ನು ಅಳೆಯುವ ರೋಹಿತ ಮಾಪಕವು ಅತಿ ಸೂಕ್ಷ್ಮ ಕಣಗಳನ್ನು ಮಾತ್ರ ಚೆನ್ನಾಗಿ ಗುರುತಿಸುತ್ತದೆ. ಸುಮಾರು 5ರಿಂದ 8 ಮೈಕ್ರಾನ್‌ಗಿಂತ ದೊಡ್ಡ ಕಣಗಳು ಅದರ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ಬೇರಿಂಗ್ ಚಕ್ಕೆಯೆದ್ದು ಒಡೆಯುವಾಗ ಬೀಳುವುದು ದೊಡ್ಡ ಕಣಗಳೇ. ಹೀಗಾಗಿ ವರದಿ ಚೆನ್ನಾಗಿದ್ದರೂ ಎಂಜಿನ್‌ನಲ್ಲಿ ಹೊಸ ಸದ್ದು, ತೈಲದ ಒತ್ತಡ ಇಳಿಕೆ ಅಥವಾ ಹೊಗೆ ಕಂಡುಬಂದರೆ ವರದಿಯನ್ನು ನೆಚ್ಚಿ ಕೂರಬಾರದು. ಬಿಚ್ಚಿದ ಹಳೆಯ ಆಯಿಲ್ ಫಿಲ್ಟರನ್ನು ಕತ್ತರಿಸಿ, ಅದರ ಕಾಗದದ ಮಡಿಕೆಗಳಲ್ಲಿ ಲೋಹದ ಚೂರುಗಳಿವೆಯೇ ಎಂದು ನೋಡುವುದು ಖರ್ಚಿಲ್ಲದ ಪೂರಕ ಪರೀಕ್ಷೆ.

5. ಈ ಜಿಲ್ಲೆಯಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಗಳು

(ಅ) ಧೂಳು: ಚಿತ್ರದುರ್ಗ ಜಿಲ್ಲೆಯ ಬಹುಭಾಗ ರಾಜ್ಯದ ಮಧ್ಯ ಒಣ ವಲಯದಲ್ಲಿದೆ. ಮುಂಗಾರಿಗೆ ಮೊದಲಿನ ಒಣ ಉಳುಮೆ, ಪಿ.ಟಿ.ಓ. ಮೂಲಕ ನಡೆಯುವ ಶೇಂಗಾ, ರಾಗಿ ಮತ್ತು ಮೆಕ್ಕೆಜೋಳದ ಒಕ್ಕಣೆ, ಕೊಳವೆಬಾವಿ ಕೊರೆಯುವಾಗ ಏಳುವ ಕಲ್ಲಿನ ಪುಡಿ ಇವೆಲ್ಲವೂ ಎಂಜಿನ್ ಸೇದುವ ಗಾಳಿಯಲ್ಲಿ ಸೇರುತ್ತವೆ. ಒಕ್ಕಣೆಯ ವೇಳೆ ಟ್ರ್ಯಾಕ್ಟರ್ ನಿಂತಲ್ಲೇ ಗಂಟೆಗಟ್ಟಲೆ ಧೂಳಿನ ಮೋಡದೊಳಗೆ ಓಡುತ್ತದೆ. ಕೈಪಿಡಿಯಲ್ಲಿರುವ ಅವಧಿಯು ಸಾಮಾನ್ಯ ಬಳಕೆಗೆ ಸಂಬಂಧಿಸಿದ್ದು, ಧೂಳಿನ ಸ್ಥಳಗಳಲ್ಲಿ ಅದನ್ನು ಕಡಿಮೆ ಮಾಡಬೇಕೆಂದು ಹಲವು ಕೈಪಿಡಿಗಳೇ ಸೂಚಿಸುತ್ತವೆ. ಅಂದರೆ ಪರೀಕ್ಷೆಯ ಫಲವಾಗಿ ಅವಧಿಯು ಹೆಚ್ಚುವ ಬದಲು ಕಡಿಮೆಯಾಗಬೇಕಾದ ಸಂದರ್ಭವೂ ಬರಬಹುದು. ಅದನ್ನು ಪರೀಕ್ಷೆಯ ವೈಫಲ್ಯವೆಂದು ಭಾವಿಸಬಾರದು. ಎಂಜಿನ್ ಉಳಿಸಿದ ಪರೀಕ್ಷೆ ಅದೇ.

ವರದಿಯಲ್ಲಿ ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಒಟ್ಟಿಗೆ ಏರಿದ್ದರೆ ಮಣ್ಣಿನ ಧೂಳು ಒಳನುಗ್ಗಿದೆ ಎಂದು ಊಹಿಸಬಹುದು. ಇವುಗಳ ಜೊತೆಗೆ ಕಬ್ಬಿಣ ಮತ್ತು ಕ್ರೋಮಿಯಂ ಕೂಡ ಏರಿದ್ದರೆ, ಆ ಧೂಳು ಲೈನರ್ ಮತ್ತು ರಿಂಗ್‌ಗಳನ್ನು ಉಜ್ಜಲಾರಂಭಿಸಿದೆ ಎಂದರ್ಥ. ಈ ಹಂತದಲ್ಲಿ ತೈಲವನ್ನು ಬದಲಿಸಿದರಷ್ಟೇ ಸಾಲದು. ಏರ್ ಫಿಲ್ಟರ್, ಅದರ ರಬ್ಬರ್ ಕೊಳವೆ, ಕ್ಲಿಪ್‌ಗಳು ಮತ್ತು ಜೋಡಣೆಗಳನ್ನು ಪರಿಶೀಲಿಸತಕ್ಕದ್ದು. ಬಿರುಕು ಬಿಟ್ಟ ಒಂದು ರಬ್ಬರ್ ಕೊಳವೆಯು ಅತ್ಯುತ್ತಮ ತೈಲವನ್ನೂ ವ್ಯರ್ಥಗೊಳಿಸಬಲ್ಲದು.

(ಆ) ಅದಿರಿನ ಧೂಳು: ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದ ಸುತ್ತಮುತ್ತ ಕಬ್ಬಿಣದ ಅದಿರಿನ ಗಣಿಗಾರಿಕೆ ಇದೆ. ಅದಿರು ಸಾಗಿಸುವ ಟಿಪ್ಪರ್‌ಗಳು ಹಾಗೂ ಆ ಮಾರ್ಗಗಳಲ್ಲಿ ಓಡಾಡುವ ಇತರ ವಾಹನಗಳು ಸೇದುವ ಧೂಳಿನಲ್ಲಿಯೇ ಕಬ್ಬಿಣದ ಅಂಶವಿರುತ್ತದೆ. ಕೆಂಪು ಮಣ್ಣಿನಲ್ಲಿಯೂ ಕಬ್ಬಿಣದ ಆಕ್ಸೈಡ್ ಇದೆ. ಹೀಗಾಗಿ ವರದಿಯಲ್ಲಿ ಕಬ್ಬಿಣದ ಅಂಶ ಹೆಚ್ಚಿದಾಗ ಅದರ ಒಂದು ಭಾಗ ಎಂಜಿನ್‌ನ ಸವೆತದಿಂದಲ್ಲದೆ ಹೊರಗಿನ ಧೂಳಿನಿಂದಲೂ ಬಂದಿರಬಹುದು. ಕ್ರೋಮಿಯಂ ಪ್ರಮಾಣವನ್ನು ಜೊತೆಗೆ ನೋಡಿದರೆ ವ್ಯತ್ಯಾಸ ಬಹುಮಟ್ಟಿಗೆ ತಿಳಿಯುತ್ತದೆ. ಆದರೆ "ಇದು ಅದಿರಿನ ಧೂಳಷ್ಟೆ" ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಧೂಳು ತೈಲವನ್ನು ತಲುಪಿದೆ ಎಂದರೆ ಫಿಲ್ಟರ್ ಕೆಲಸ ಮಾಡಿಲ್ಲವೆಂದೇ ಅರ್ಥ.

(ಇ) ರೇಡಿಯೇಟರ್‌ಗೆ ಕೊಳವೆಬಾವಿಯ ನೀರು: ಕೂಲಂಟ್ ಬದಲಿಗೆ ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರ್‌ಗೆ ಹಾಕುವ ರೂಢಿ ಇದೆ. ಇದರಿಂದ ಒಳಭಾಗದಲ್ಲಿ ಪದರ ಕಟ್ಟಿ ಎಂಜಿನ್ ಹೆಚ್ಚು ಕಾಯುತ್ತದೆ, ತೈಲ ಬೇಗ ಕೆಡುತ್ತದೆ. ಮತ್ತೊಂದು ತೊಂದರೆಯೂ ಇದೆ. ಹೆಡ್ ಗ್ಯಾಸ್ಕೆಟ್ ಮೂಲಕ ಇಂತಹ ನೀರು ತೈಲಕ್ಕೆ ಸೋರಿದರೆ, ಕೂಲಂಟ್‌ನ ಗುರುತಾದ ಗ್ಲೈಕಾಲ್ ವರದಿಯಲ್ಲಿ ಕಾಣುವುದಿಲ್ಲ. ಬಿಸಿ ಎಂಜಿನ್‌ನಲ್ಲಿ ನೀರು ಆವಿಯಾಗಿ ಹೋಗಬಹುದು. ಗಡಸು ನೀರಿನ ಕ್ಯಾಲ್ಸಿಯಂ ತೈಲದಲ್ಲಿ ಮೊದಲೇ ಇರುವ ಕ್ಯಾಲ್ಸಿಯಂನಲ್ಲಿ ಮರೆಯಾಗುತ್ತದೆ. ಉಳಿಯುವ ಸುಳಿವು ಮುಖ್ಯವಾಗಿ ಸೋಡಿಯಂ ಮಾತ್ರ. ಆದುದರಿಂದ ರೇಡಿಯೇಟರ್‌ಗೆ ಯಾವ ನೀರು ಬಳಸಲಾಗಿದೆ ಎಂಬುದನ್ನು ಮಾದರಿಯ ಜೊತೆಗೆ ಬರೆದು ಕಳುಹಿಸುವುದು.

(ಈ) ಡೀಸೆಲ್‌ನ ಗಂಧಕ: ದೇಶದಾದ್ಯಂತ 2017ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-4 ಹಾಗೂ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಇಂಧನ ಜಾರಿಗೆ ಬಂದಿತು. ಡೀಸೆಲ್‌ನಲ್ಲಿ ಗಂಧಕದ ಮಿತಿ ಮೊದಲನೆಯದರಲ್ಲಿ 50 ಪಿ.ಪಿ.ಎಂ., ಎರಡನೆಯದರಲ್ಲಿ 10 ಪಿ.ಪಿ.ಎಂ. ಗಂಧಕ ಕಡಿಮೆಯಾದಂತೆ ಆಮ್ಲ ಕಡಿಮೆಯಾಗಿ, ತೈಲದ ಕ್ಷಾರಾಂಕ ಹಿಂದಿಗಿಂತ ನಿಧಾನವಾಗಿ ಇಳಿಯುತ್ತದೆ. ಅವಧಿ ವಿಸ್ತರಣೆಗೆ ಅವಕಾಶ ಹೆಚ್ಚಲು ಇದೂ ಒಂದು ಕಾರಣ. ಆದರೆ ಕ್ಷಾರಾಂಕ ಚೆನ್ನಾಗಿ ಉಳಿದಿದೆ ಎಂಬ ಮಾತ್ರಕ್ಕೆ ತೈಲ ಧೂಳಿನಿಂದ ಮುಕ್ತವಾಗಿದೆ ಎಂದು ತಿಳಿಯಬಾರದು. ಭಾರತ್ ಸ್ಟೇಜ್-6 ವಾಹನಗಳಲ್ಲಿ ಹೊಗೆಯ ಮಸಿಯನ್ನು ಸುಡುವ ಪ್ರಕ್ರಿಯೆಯ ವೇಳೆ ತೈಲಕ್ಕೆ ಡೀಸೆಲ್ ಬೆರೆಯುವ ಸಂಭವವಿದ್ದು, ಸ್ನಿಗ್ಧತೆಯನ್ನು ವಿಶೇಷವಾಗಿ ಗಮನಿಸಬೇಕು.

6. ಮಾದರಿ ಸಂಗ್ರಹಿಸುವ ವಿಧಾನ

ತಪ್ಪಾಗಿ ತೆಗೆದ ಮಾದರಿಯಿಂದ ಸರಿಯಾದ ವರದಿ ಬರಲು ಸಾಧ್ಯವಿಲ್ಲ. ಈ ಕೆಳಕಂಡ ಕ್ರಮವನ್ನು ಅನುಸರಿಸುವುದು.

(1) ಎಂಜಿನ್ ಓಡಿ ಬಿಸಿಯಾಗಿರುವಾಗ, ನಿಲ್ಲಿಸಿದ ಕೆಲವೇ ನಿಮಿಷಗಳೊಳಗೆ ಮಾದರಿ ತೆಗೆಯಬೇಕು. ತಣ್ಣಗಾದ ಎಂಜಿನ್‌ನಲ್ಲಿ ಕಣಗಳು ತಳ ಸೇರಿರುತ್ತವೆ.
(2) ತೈಲ ಅಳೆಯುವ ಕಡ್ಡಿಯ ಕೊಳವೆಯ ಮೂಲಕ ಹೊಸ ಪ್ಲಾಸ್ಟಿಕ್ ನಳಿಕೆ ಇಳಿಸಿ ಕೈಪಂಪಿನಿಂದ ಎಳೆಯುವುದು ಉತ್ತಮ. ನಳಿಕೆಯು ತಳಕ್ಕೆ ತಾಗಬಾರದು.
(3) ತೈಲ ಬದಲಿಸುವ ಸಮಯದಲ್ಲಿ ಕೆಳಗಿನ ಬಿರಡೆಯಿಂದ ತೆಗೆಯುವುದಾದರೆ, ಮೊದಲು ಹರಿಯುವ ತೈಲವನ್ನು ಬಿಟ್ಟು ನಡುವೆ ಹರಿಯುವ ತೈಲವನ್ನು ಹಿಡಿಯಬೇಕು.
(4) ಪ್ರಯೋಗಾಲಯವು ನೀಡುವ ಶುದ್ಧ, ಒಣ ಶೀಶೆಯನ್ನೇ ಬಳಸಬೇಕು. ಕುಡಿಯುವ ನೀರಿನ ಹಳೆಯ ಬಾಟಲಿ, ಔಷಧಿ ಶೀಶೆಗಳನ್ನು ಬಳಸಬಾರದು.
(5) ಶೀಶೆಯ ಮೇಲೆ ಯಂತ್ರದ ಗುರುತು, ಒಟ್ಟು ಗಂಟೆ ಅಥವಾ ಕಿಲೋಮೀಟರ್, ಕೊನೆಯ ಬದಲಾವಣೆಯ ನಂತರದ ಗಂಟೆ, ತೈಲದ ದರ್ಜೆ ಮತ್ತು ಹೆಸರು, ಮಾದರಿ ತೆಗೆದ ದಿನಾಂಕ ನಮೂದಿಸಬೇಕು.
(6) ನಡುವೆ ಮೇಲಿಂದ ಸುರಿದ ತೈಲದ ಪ್ರಮಾಣವನ್ನು ತಪ್ಪದೆ ತಿಳಿಸಬೇಕು. 8 ಲೀಟರ್ ಹಿಡಿಯುವ ಎಂಜಿನ್‌ಗೆ ನಡುವೆ 2 ಲೀಟರ್ ಹೊಸ ತೈಲ ಸುರಿದಿದ್ದರೆ, ಲೋಹದ ಪ್ರಮಾಣ ಕಡಿಮೆಯಾಗಿ ಮತ್ತು ಕ್ಷಾರಾಂಕ ಹೆಚ್ಚಾಗಿ ಕಾಣುತ್ತದೆ. ಇದನ್ನು ಮರೆಮಾಚಿದ ವರದಿಯು ಮಾಲೀಕರನ್ನೇ ದಾರಿ ತಪ್ಪಿಸುತ್ತದೆ.

ಕೃಷಿ ಇಲಾಖೆಯ ಮಣ್ಣು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಎಂಜಿನ್ ತೈಲದ ಪರೀಕ್ಷೆ ನಡೆಯುವುದಿಲ್ಲ. ತೈಲ ಕಂಪನಿಗಳ ಗ್ರಾಹಕ ಸೇವಾ ವಿಭಾಗಗಳ ಮೂಲಕ ಅಥವಾ ಎನ್.ಎ.ಬಿ.ಎಲ್. ಮಾನ್ಯತೆ ಪಡೆದ ಪ್ರಯೋಗಾಲಯಗಳ ಮೂಲಕ ಪರೀಕ್ಷೆ ಮಾಡಿಸಬಹುದು. ಮಾನ್ಯತೆಯು ಬಳಸಿದ ತೈಲದ ಪರೀಕ್ಷೆಗಳಿಗೆ ಅನ್ವಯಿಸುತ್ತದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿಯುವುದು. ಎಲ್ಲ ಮಾದರಿಗಳನ್ನು ಒಂದೇ ಪ್ರಯೋಗಾಲಯಕ್ಕೆ ಕಳುಹಿಸಿದರೆ ಹೋಲಿಕೆ ಸುಲಭವಾಗುತ್ತದೆ.

7. ಅವಧಿಯನ್ನು ಹಂತಹಂತವಾಗಿ ವಿಸ್ತರಿಸುವ ಕ್ರಮ

ಮೊದಲ ಹಂತ: ಕೈಪಿಡಿಯ ಅವಧಿಯಲ್ಲಿಯೇ ತೈಲ ಬದಲಿಸುತ್ತಾ, ಕನಿಷ್ಠ ಎರಡು ಬಾರಿ ಬದಲಾವಣೆಯ ವೇಳೆ ಮಾದರಿ ಪರೀಕ್ಷಿಸಿ ಆ ಎಂಜಿನ್‌ನ ಸಹಜ ಸ್ಥಿತಿಯನ್ನು ತಿಳಿಯುವುದು. ಒಂದೇ ಮಾದರಿಯ ಎರಡು ಟ್ರ್ಯಾಕ್ಟರ್‌ಗಳ ಸಹಜ ಸ್ಥಿತಿ ಒಂದೇ ಆಗಿರಬೇಕೆಂದಿಲ್ಲ.

ಎರಡನೇ ಹಂತ: ಎರಡೂ ವರದಿಗಳು ತೃಪ್ತಿಕರವಾಗಿದ್ದಲ್ಲಿ ಅವಧಿಯನ್ನು ಅಲ್ಪ ಪ್ರಮಾಣದಲ್ಲಿ ಮಾತ್ರ ಹೆಚ್ಚಿಸುವುದು. ಉದಾಹರಣೆಗೆ 250 ಗಂಟೆಯಿಂದ 300 ಗಂಟೆಗೆ. 250ನೇ ಗಂಟೆಯಲ್ಲಿ ಒಮ್ಮೆ, 300ನೇ ಗಂಟೆಯಲ್ಲಿ ಮತ್ತೊಮ್ಮೆ ಮಾದರಿ ತೆಗೆಯುವುದು.

ಮೂರನೇ ಹಂತ: ಒಟ್ಟು ಪ್ರಮಾಣಕ್ಕಿಂತ ಏರಿಕೆಯ ವೇಗವನ್ನು ನೋಡುವುದು. ಒಂದು ಕಲ್ಪಿತ ಉದಾಹರಣೆಯಂತೆ, 250 ಗಂಟೆಗೆ ಕಬ್ಬಿಣ 30 ಪಿ.ಪಿ.ಎಂ. ಇದ್ದರೆ ಗಂಟೆಗೆ 0.12ರಂತೆ ಏರಿದೆ. 300 ಗಂಟೆಗೆ 36 ಇದ್ದರೆ ಅದೇ ವೇಗ ಮುಂದುವರಿದಿದೆ; ತೈಲ ಇನ್ನೂ ಎಂಜಿನ್ನನ್ನು ಕಾಪಾಡುತ್ತಿದೆ. ಆದರೆ 300 ಗಂಟೆಗೆ 50 ಇದ್ದರೆ, ಕೊನೆಯ 50 ಗಂಟೆಗಳಲ್ಲಿಯೇ 20 ಪಿ.ಪಿ.ಎಂ. ಏರಿದೆ, ಅಂದರೆ ಗಂಟೆಗೆ 0.4. ಸವೆತದ ವೇಗ ಮೂರು ಪಟ್ಟಿಗೂ ಮೀರಿದೆ. ಒಟ್ಟು 50 ಎಂಬ ಅಂಕಿ ಭಯ ಹುಟ್ಟಿಸುವಂತಹುದಲ್ಲದಿದ್ದರೂ ವಿಸ್ತರಣೆಯನ್ನು ಅಲ್ಲಿಗೇ ನಿಲ್ಲಿಸಿ ಹಿಂದಿನ ಅವಧಿಗೆ ಮರಳತಕ್ಕದ್ದು.

ನಾಲ್ಕನೇ ಹಂತ: ವಿಸ್ತರಿಸಿದ ಅವಧಿ ಸ್ಥಿರವಾದ ನಂತರವೂ ವರ್ಷಕ್ಕೊಮ್ಮೆಯಾದರೂ, ವಿಶೇಷವಾಗಿ ಒಕ್ಕಣೆಯ ಹಂಗಾಮು ಮುಗಿದ ಕೂಡಲೇ, ಮಾದರಿ ಪರೀಕ್ಷಿಸುವುದು. ತೈಲದ ಹೆಸರು ಅಥವಾ ದರ್ಜೆ ಬದಲಾದರೆ, ಎಂಜಿನ್ ರಿಪೇರಿಯಾದರೆ, ಅಥವಾ ಟ್ರ್ಯಾಕ್ಟರ್‌ನ ಕೆಲಸವೇ ಬದಲಾದರೆ ಮೊದಲ ಹಂತದಿಂದ ಪುನಃ ಆರಂಭಿಸಬೇಕು.

ಆಯಿಲ್ ಫಿಲ್ಟರ್‌ಗೆ ಅದರದೇ ಮಿತಿಯಿದೆ. ತೈಲದ ಅವಧಿ ವಿಸ್ತರಿಸಿದರೂ ಫಿಲ್ಟರನ್ನು ತಯಾರಕರು ಹೇಳಿದ ಅವಧಿಗೇ ಬದಲಿಸುವುದು ಕ್ಷೇಮ.

8. ವೆಚ್ಚ ಮತ್ತು ಉಳಿತಾಯದ ಲೆಕ್ಕ

ಕೆಳಗಿನ ದರಗಳು ಲೆಕ್ಕವನ್ನು ತಿಳಿಸಲು ಊಹಿಸಿಕೊಂಡವು. ಮಾಲೀಕರು ತಮ್ಮ ಊರಿನ ಈಗಿನ ದರಗಳನ್ನು ಹಾಕಿ ಲೆಕ್ಕ ಮಾಡಿಕೊಳ್ಳುವುದು.

ಉದಾಹರಣೆ 1: ಒಂದೇ ಟ್ರ್ಯಾಕ್ಟರ್ ಹೊಂದಿರುವ ರೈತ.
ವರ್ಷದ ಬಳಕೆ 750 ಗಂಟೆ. ಒಂದು ಬದಲಾವಣೆಗೆ ತೈಲ 8 ಲೀಟರ್, ಲೀಟರ್‌ಗೆ ರೂ. 350ರಂತೆ ರೂ. 2,800, ಫಿಲ್ಟರ್ ರೂ. 500, ಒಟ್ಟು ರೂ. 3,300. ಅವಧಿ 250 ಗಂಟೆಯಾದರೆ ವರ್ಷಕ್ಕೆ 3 ಬಾರಿ, ರೂ. 9,900. ಅವಧಿಯನ್ನು 375 ಗಂಟೆಯವರೆಗೆ ವಿಸ್ತರಿಸಿ, ಫಿಲ್ಟರನ್ನೂ ತೈಲದೊಂದಿಗೇ ಬದಲಿಸಿದರೆ 2 ಬಾರಿ, ರೂ. 6,600. ಉಳಿತಾಯ ರೂ. 3,300. ಇದಕ್ಕಾಗಿ ವರ್ಷದಲ್ಲಿ 3 ಪರೀಕ್ಷೆಗಳಿಗೆ ತಲಾ ರೂ. 1,500ರಂತೆ ರೂ. 4,500 ವೆಚ್ಚವಾದರೆ, ನಿವ್ವಳ ರೂ. 1,200 ನಷ್ಟ.

ಉದಾಹರಣೆ 2: ಹತ್ತು ಟಿಪ್ಪರ್ ಹೊಂದಿರುವ ಸಾಗಣೆದಾರ.
ಪ್ರತಿ ವಾಹನ ವರ್ಷಕ್ಕೆ 60,000 ಕಿಲೋಮೀಟರ್. ಒಂದು ಬದಲಾವಣೆಗೆ ತೈಲ 28 ಲೀಟರ್, ಲೀಟರ್‌ಗೆ ರೂ. 300ರಂತೆ ರೂ. 8,400, ಫಿಲ್ಟರ್‌ಗಳು ರೂ. 2,600, ಒಟ್ಟು ರೂ. 11,000. ಅವಧಿಯನ್ನು 15,000ದಿಂದ 20,000 ಕಿಲೋಮೀಟರ್‌ಗೆ ವಿಸ್ತರಿಸಿದರೆ ವರ್ಷಕ್ಕೆ 4ರ ಬದಲು 3 ಬಾರಿ ಬದಲಾವಣೆ. ಹತ್ತು ವಾಹನಗಳಿಂದ ಉಳಿತಾಯ ರೂ. 1,10,000. ಪ್ರತಿ ವಾಹನಕ್ಕೆ 3ರಂತೆ 30 ಪರೀಕ್ಷೆಗಳಿಗೆ ರೂ. 45,000 ಕಳೆದರೆ ನಿವ್ವಳ ಉಳಿತಾಯ ರೂ. 65,000.

ಮೇಲಿನ ಲೆಕ್ಕದಿಂದ ಸ್ಪಷ್ಟವಾಗುವ ಸಂಗತಿ ಇದು: ಹೆಚ್ಚು ತೈಲ ಹಿಡಿಯುವ, ಹೆಚ್ಚು ಓಡುವ, ಒಂದೇ ಬಗೆಯ ಹಲವು ಎಂಜಿನ್‌ಗಳನ್ನು ಹೊಂದಿರುವವರಿಗೆ ಅವಧಿ ವಿಸ್ತರಣೆ ಲಾಭದಾಯಕ. ಟಿಪ್ಪರ್ ಮಾಲೀಕರು, ಕೊಳವೆಬಾವಿ ಕೊರೆಯುವ ಯಂತ್ರದವರು, ಹಲವು ಟ್ರ್ಯಾಕ್ಟರ್‌ಗಳಿರುವ ಯಂತ್ರೋಪಕರಣ ಬಾಡಿಗೆ ಕೇಂದ್ರಗಳು ಈ ವರ್ಗಕ್ಕೆ ಸೇರುತ್ತವೆ. ಒಂದೇ ಟ್ರ್ಯಾಕ್ಟರ್ ಇರುವ ರೈತರಿಗೆ ಅವಧಿ ವಿಸ್ತರಣೆಗೆಂದು ಪರೀಕ್ಷೆ ಮಾಡಿಸುವುದು ಲಾಭದ ಬಾಬ್ತಲ್ಲ.

ಆದರೆ ಆ ರೈತರಿಗೂ ಒಂದು ಪರೀಕ್ಷೆಯಿಂದ ಬೇರೆ ಪ್ರಯೋಜನವಿದೆ. ಹಳೆಯ ಟ್ರ್ಯಾಕ್ಟರ್ ಖರೀದಿಸುವ ಮುನ್ನ, ಅಥವಾ ಬಿತ್ತನೆಯ ಹಂಗಾಮಿಗೆ ಎರಡು ತಿಂಗಳು ಮುನ್ನ ಮಾಡಿಸಿದ ಪರೀಕ್ಷೆಯಿಂದ ಬೇರಿಂಗ್ ಸವೆತ ಅಥವಾ ಧೂಳಿನ ಪ್ರವೇಶ ಮೊದಲೇ ತಿಳಿಯಬಹುದು. ಮುಂಗಾರು ಮಳೆ ಬಿದ್ದು ಹದ ಬಂದಾಗ ಬಿತ್ತನೆಗೆ ಸಿಗುವುದು ಕೆಲವೇ ದಿನಗಳು. ಆ ದಿನಗಳಲ್ಲಿ ಎಂಜಿನ್ ಹಿಡಿದು ನಿಂತರೆ ಆಗುವ ನಷ್ಟವು ರಿಪೇರಿಯ ಬಿಲ್ಲಿಗಷ್ಟೇ ಸೀಮಿತವಾಗದೆ, ಆ ವರ್ಷದ ಬೆಳೆಯನ್ನೂ ಸಾಲದ ಕಂತನ್ನೂ ತಟ್ಟುತ್ತದೆ. ಒಂದು ಬದಲಾವಣೆಯಲ್ಲಿ ಉಳಿಯುವ ಮೂರು ಸಾವಿರ ರೂಪಾಯಿಯನ್ನು ಈ ನಷ್ಟದ ಎದುರು ಇಟ್ಟು ನೋಡುವುದು ವಿವೇಕ.

9. ವಾರಂಟಿ ಮತ್ತು ಸಹಾಯಧನದ ಯಂತ್ರಗಳು

ವಾರಂಟಿ ಅವಧಿಯಲ್ಲಿರುವ ಯಂತ್ರಗಳಿಗೆ ತೈಲ ಬದಲಾವಣೆಯ ಅವಧಿಯನ್ನು ವಿಸ್ತರಿಸಬಾರದು. ಸರ್ವಿಸ್ ಪುಸ್ತಕದಲ್ಲಿನ ಅವಧಿ ಮೀರಿದಲ್ಲಿ ವಾರಂಟಿ ಹಕ್ಕು ನಿರಾಕರಣೆಯಾಗುವ ಸಂಭವವಿದೆ. ಪ್ರಯೋಗಾಲಯದ ವರದಿ ಇದ್ದರೂ ತಯಾರಕರ ಲಿಖಿತ ಒಪ್ಪಿಗೆ ಇಲ್ಲದೆ ಅದು ನೆರವಿಗೆ ಬಾರದಿರಬಹುದು. ಸಹಾಯಧನದಡಿ ಯಂತ್ರ ಪಡೆದವರು ಖರೀದಿ ಬಿಲ್ಲು, ವಾರಂಟಿ ಪತ್ರ, ಸರ್ವಿಸ್ ಪುಸ್ತಕ ಹಾಗೂ ತೈಲ ಖರೀದಿಯ ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು.

10. ಬಳಸಿದ ತೈಲದ ವಿಲೇವಾರಿ

ಬಳಸಿದ ಎಂಜಿನ್ ತೈಲವು 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿರ್ವಹಣಾ ನಿಯಮಗಳಡಿ ಅಪಾಯಕಾರಿ ತ್ಯಾಜ್ಯವಾಗಿರುತ್ತದೆ. 2023ರ ತಿದ್ದುಪಡಿಯನ್ವಯ, 2024ರ ಏಪ್ರಿಲ್ 1ರಿಂದ ತೈಲ ಉತ್ಪಾದಕರ ಮೇಲೆಯೂ ಬಳಸಿದ ತೈಲದ ಮರುಸಂಸ್ಕರಣೆಯ ಹೊಣೆಯನ್ನು ವಿಧಿಸಲಾಗಿದೆ.

"ಸುಟ್ಟ ಆಯಿಲ್" ಎಂದು ಕರೆಯುವ ಈ ತೈಲವನ್ನು ಗೆದ್ದಲು ಬಾರದಂತೆ ಬೇಲಿ ಕಂಬ ಹಾಗೂ ಮರಮುಟ್ಟುಗಳಿಗೆ ಬಳಿಯುವುದು, ಚರಂಡಿಗೆ ಚೆಲ್ಲುವುದು, ಒಲೆಗೆ ಸುರಿದು ಉರಿಸುವುದು ಗ್ರಾಮಾಂತರದಲ್ಲಿ ಕಂಡುಬರುತ್ತದೆ. ಸದರಿ ತೈಲದಲ್ಲಿ ಸೀಸ, ಕ್ರೋಮಿಯಂ ಮುಂತಾದ ಲೋಹಗಳು ಸೇರಿರುತ್ತವೆ ಎಂಬುದನ್ನು ಮೇಲೆ ವಿವರಿಸಿದ ಪರೀಕ್ಷೆಯೇ ತೋರಿಸುತ್ತದೆ. ಕುಡಿಯಲೂ ಬೇಸಾಯಕ್ಕೂ ಕೊಳವೆಬಾವಿಯನ್ನು ನಂಬಿರುವ ಊರುಗಳಲ್ಲಿ, ಅಂತೆಯೇ ವೇದಾವತಿ ನದಿ ಮತ್ತು ವಾಣಿ ವಿಲಾಸ ಸಾಗರದ ಜಲಾನಯನ ಪ್ರದೇಶದಲ್ಲಿ, ಇದನ್ನು ನೆಲಕ್ಕೆ ಚೆಲ್ಲುವುದು ತಮ್ಮ ನೀರನ್ನು ತಾವೇ ಕೆಡಿಸಿಕೊಂಡಂತೆ. ಬಳಸಿದ ತೈಲವನ್ನು ನೀರು ಬೆರೆಯದಂತೆ ಮುಚ್ಚಿದ ಡಬ್ಬದಲ್ಲಿ ಸಂಗ್ರಹಿಸಿ, ಅಧಿಕೃತ ಸಂಗ್ರಾಹಕರಿಗೆ ಅಥವಾ ಅವರಿಗೆ ತಲುಪಿಸುವ ಸರ್ವಿಸ್ ಕೇಂದ್ರಗಳಿಗೆ ನೀಡತಕ್ಕದ್ದು. ಅವಧಿ ವಿಸ್ತರಣೆಯಿಂದ ಈ ತ್ಯಾಜ್ಯದ ಪ್ರಮಾಣ ಕಡಿಮೆಯಾಗುವುದು ಅದರ ಮತ್ತೊಂದು ಪ್ರಯೋಜನ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಾಗದದ ಮೇಲೆ ತೈಲದ ಹನಿ ಹಾಕಿ ನೋಡುವ ಪರೀಕ್ಷೆ ಸಾಕಾಗುವುದಿಲ್ಲವೇ?
ಉತ್ತರ: ಶೋಧಕ ಕಾಗದದ ಮೇಲೆ ಹಾಕಿದ ಹನಿ ಸಮವಾಗಿ ಹರಡಿದರೆ ತೈಲವು ಮಸಿಯನ್ನು ಇನ್ನೂ ಹಿಡಿದಿಟ್ಟುಕೊಳ್ಳಬಲ್ಲದು ಎಂದರ್ಥ. ನಡುವೆ ದಟ್ಟ ಕಪ್ಪು ಚುಕ್ಕೆಯಾಗಿ ನಿಂತರೆ ಆ ಶಕ್ತಿ ಕುಂದಿದೆ. ಇದು ಉಪಯುಕ್ತ ಸೂಚನೆ. ಆದರೆ ಸವೆತ ಲೋಹ, ಸಿಲಿಕಾನ್ ಹಾಗೂ ಕ್ಷಾರಾಂಕವನ್ನು ಇದು ಅಳೆಯುವುದಿಲ್ಲವಾದ್ದರಿಂದ, ಇದೊಂದನ್ನೇ ಆಧರಿಸಿ ಅವಧಿ ವಿಸ್ತರಿಸಬಾರದು.

ಪ್ರಶ್ನೆ: ದುಬಾರಿ ಸಿಂಥೆಟಿಕ್ ತೈಲ ಹಾಕಿದರೆ ಪರೀಕ್ಷೆ ಇಲ್ಲದೆ ಅವಧಿ ಹೆಚ್ಚಿಸಬಹುದೇ?
ಉತ್ತರ: ಇಲ್ಲ. ಅಂತಹ ತೈಲ ಶಾಖವನ್ನು ಹೆಚ್ಚು ತಾಳುತ್ತದೆ. ಧೂಳಿನ ಕಣವು ಯಾವ ತೈಲದಲ್ಲಿದ್ದರೂ ಲೋಹವನ್ನು ಉಜ್ಜುತ್ತದೆ.

ಪ್ರಶ್ನೆ: ಏರ್ ಫಿಲ್ಟರನ್ನು ಪ್ರತಿದಿನ ಗಾಳಿ ಹೊಡೆದು ಸ್ವಚ್ಛಗೊಳಿಸುವುದು ಒಳ್ಳೆಯದೇ?
ಉತ್ತರ: ಕಾಗದದ ಫಿಲ್ಟರ್‌ಗೆ ಅತಿ ಒತ್ತಡದ ಗಾಳಿ ಮತ್ತೆ ಮತ್ತೆ ಹೊಡೆದರೆ ಕಾಗದ ಹರಿದು ಧೂಳು ನೇರವಾಗಿ ಒಳನುಗ್ಗುತ್ತದೆ. ಕೈಪಿಡಿಯಲ್ಲಿ ಹೇಳಿದಂತೆ ಮಾತ್ರ ಸ್ವಚ್ಛಗೊಳಿಸಿ, ಅವಧಿಗೆ ಬದಲಿಸಬೇಕು. ತೈಲದ ಬಟ್ಟಲಿರುವ ಹಳೆಯ ಬಗೆಯ ಏರ್ ಕ್ಲೀನರ್ ಆದರೆ, ಒಕ್ಕಣೆಯ ದಿನಗಳಲ್ಲಿ ಪ್ರತಿದಿನ ಬಟ್ಟಲನ್ನು ಪರಿಶೀಲಿಸಿ, ಕೆಸರು ಕಂಡರೆ ತೈಲ ಬದಲಿಸಬೇಕು.

ಪ್ರಶ್ನೆ: ಕೃಷಿ ಯಾಂತ್ರೀಕರಣದ ಸಹಾಯಧನಕ್ಕೆ ಅರ್ಜಿ ಸಲ್ಲಿಸುವಾಗ ತೈಲ ಪರೀಕ್ಷೆಯ ವರದಿ ಬೇಕೇ?
ಉತ್ತರ: ಬೇಕಾಗಿಲ್ಲ. ತೈಲ ಪರೀಕ್ಷೆಯು ಮಾಲೀಕರ ಸ್ವಂತ ಇಚ್ಛೆಗೆ ಬಿಟ್ಟದ್ದು.

12. ಹೆಚ್ಚಿನ ಮಾಹಿತಿ

ಯಂತ್ರಗಳ ಆಯ್ಕೆ ಹಾಗೂ ನಿರ್ವಹಣೆಯ ಕುರಿತು ಆಯಾ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಬಳಸಿದ ತೈಲದ ಅಧಿಕೃತ ಸಂಗ್ರಾಹಕರ ವಿವರಗಳನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪಡೆಯಬಹುದು.

ಸೂಚನೆ: ಈ ಪುಟದಲ್ಲಿನ ಅಂಕಿಗಳು ಸಾಮಾನ್ಯ ತಿಳುವಳಿಕೆಗಾಗಿವೆ. ಪ್ರತಿ ಎಂಜಿನ್‌ಗೆ ತಯಾರಕರು ಹಾಗೂ ಪ್ರಯೋಗಾಲಯ ಸೂಚಿಸುವ ಮಿತಿಗಳೇ ಅಂತಿಮ. ವರದಿಯ ಬಗ್ಗೆ ಸಂಶಯವಿದ್ದಲ್ಲಿ ಕೈಪಿಡಿಯ ಅವಧಿಗೇ ತೈಲ ಬದಲಿಸುವಂತೆ ಮಾಲೀಕರನ್ನು ಕೋರಲಾಗಿದೆ.